ನಿಮ್ಮ ನೆಟ್‌ವರ್ಕ್ ಸ್ವಿಚ್‌ಗೆ ಎಂಥ ಬೀಗ?

ಶಿರಸಿಯ ಒಂದು ಅಡಿಕೆ ವಖಾರಿ. ಚಾಲಿ ಮೂಟೆಗಳ ಹಿಂದೆ, ಗೋಡೆ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ 24 ಪೋರ್ಟಿನ ಸ್ವಿಚ್. ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ತೂಕ, ಬಿಲ್ಲು, ಕ್ಯಾಮೆರಾ ಎಲ್ಲಾ ಅದರ ಮೂಲಕವೇ. ಪೆಟ್ಟಿಗೆಗೆ ಒಳ್ಳೇ ಬೀಗ ಇತ್ತು. ಸ್ವಿಚ್ ಒಳಗೆ ಮಾತ್ರ ಕಂಪನಿಯಿಂದ ಬಂದ ‘ಪಬ್ಲಿಕ್’ ಎಂಬ ಕಮ್ಯುನಿಟಿ ಹೆಸರು, ಅಂದರೆ ಸ್ವಿಚ್ಚನ್ನು ವಿಚಾರಿಸಲು ಹೇಳಬೇಕಾದ ಗುಟ್ಟಿನ ಪದ, ಹಾಗೇ ಇತ್ತು. ‘ಇಲ್ಲಿಗೆ ಯಾರು ಬರ್ತಾರೆ ಮಾರಾಯ?’ ಎಂದರು ರೈಟರು. ಬರುವುದೇ ಬೇಡವಲ್ಲ, ಅದೇ ನೆಟ್‌ವರ್ಕಿನ ಒಂದು ಕಂಪ್ಯೂಟರಿಗೆ ವೈರಸ್ ಬಂದರೆ ಸಾಕು.

ಮೊದಲು ಎಸ್‌ಎನ್‌ಎಂಪಿ ಆವೃತ್ತಿ ನೋಡಿ. ಯಾವ ಪೋರ್ಟು ಸತ್ತಿದೆ, ಎಲ್ಲಿ ದಟ್ಟಣೆ ಜಾಸ್ತಿ ಎಂದು ಸ್ವಿಚ್ ಹೇಳುವುದು ಈ ಭಾಷೆಯಲ್ಲೇ. ವಿ1, ವಿ2ಸಿ ಆದರೆ ಕಮ್ಯುನಿಟಿ ಹೆಸರೇ ಪಾಸ್‌ವರ್ಡ್, ಅದೂ ಬಟಾಬಯಲಾಗಿ ಹೋಗುತ್ತದೆ. ವಿ3 ಪೂರ್ಣ ಮಾನದಂಡವಾಗಿದ್ದು 2002ರಲ್ಲಿ. ಅದನ್ನೇ ಆರಿಸಿ.

ವಿ3ರಲ್ಲಿ ಮೂರು ಮಟ್ಟ ಕಾಣುತ್ತದೆ. ‘ನೋಆತ್‌ನೋಪ್ರಿವ್’ನಲ್ಲಿ ಬರೀ ಹೆಸರು ಹೇಳಿದರೆ ಒಳಗೆ ಬಿಡುತ್ತದೆ. ‘ಆತ್‌ನೋಪ್ರಿವ್’ ಗುರುತು ಕೇಳುತ್ತದೆ, ಆದರೆ ಮಾತು ಎಲ್ಲರಿಗೂ ಕೇಳಿಸುತ್ತದೆ. ‘ಆತ್‌ಪ್ರಿವ್’ನಲ್ಲಿ ಗುರುತೂ ಬೇಕು, ಮಾತೂ ಗುಟ್ಟು. ಮೂರನೆಯದೇ ಇರಲಿ.

ಗುರುತು ಪರೀಕ್ಷಿಸುವ ವಿಧಾನಗಳಲ್ಲಿ ಎಸ್‌ಎಚ್‌ಎ-256 ಇದ್ದರೆ ಅದು, ಹಳೇ ಸ್ವಿಚ್ ಆದರೆ ಎಸ್‌ಎಚ್‌ಎ-1. ಎಂಡಿ5 ಬೇಡ. ನನ್ನ ಪ್ರಕಾರ ಇದಕ್ಕಿಂತ ಪಾಸ್‌ವರ್ಡಿನ ಉದ್ದ ಮುಖ್ಯ. ಕಳ್ಳನಿಗೆ ಒಂದೇ ಒಂದು ಪ್ಯಾಕೆಟ್ ಸಿಕ್ಕರೂ ಮನೆಯಲ್ಲಿ ಕೂತು ಊಹಿಸುತ್ತಾ ಹೋಗಬಹುದು. ನಿಯಮ ಕನಿಷ್ಠ 8 ಅಕ್ಷರ ಎನ್ನುತ್ತದೆ, ನಾನು 16ಕ್ಕಿಂತ ಕಡಿಮೆ ಇಡುವುದಿಲ್ಲ. ಗುರುತಿಗೊಂದು, ಗುಟ್ಟಿಗೊಂದು, ಎರಡೂ ಬೇರೆ ಬೇರೆ.

ಗೂಢಲಿಪಿಗೆ ಡಿಇಎಸ್ ಕಂಡರೆ ಮುಟ್ಟಬೇಡಿ. ಅದರ ಕೀಲಿ 56 ಬಿಟ್ ಮಾತ್ರ. 1998ರಲ್ಲೇ ಅದಕ್ಕೆಂದು ಕಟ್ಟಿದ ಯಂತ್ರವೊಂದು ಮೂರು ದಿನದೊಳಗೆ ಮುರಿದಿತ್ತು. ಎಇಎಸ್-128 ಸಾಕು. 256 ಇದ್ದರೆ ಇನ್ನೂ ಗಟ್ಟಿ ಅಲ್ವಾ ಎನ್ನಬಹುದು. ತೊಂದರೆ ಏನೆಂದರೆ, ಎಸ್‌ಎನ್‌ಎಂಪಿಯಲ್ಲಿ ಅದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಮಾಡಿದೆ. ಸ್ವಿಚ್ಚೂ ನಿಗಾ ಸಾಫ್ಟ್‌ವೇರೂ ಕೂಡದೆ ಅರ್ಧ ದಿನ ಸುಮ್ನೆ ಹಾಳಾಗುತ್ತದೆ. ನನಗೆ ಆಗಿದೆ.

ಹೀಗೆ ಮಾಡಿದ ವಿ3ರ ಹೊಸ ಬಳಕೆದಾರ ಖಾತೆ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ಹಳೇ ಕಮ್ಯುನಿಟಿ ಅಳಿಸಿ. ಇದನ್ನೇ ಜಾಸ್ತಿ ಜನ ಮರೆಯುವುದು. ಹೊಸ ಬಾಗಿಲು ಇಟ್ಟು ಹಿತ್ತಿಲ ಬಾಗಿಲು ತೆರೆದೇ ಇಟ್ಟ ಹಾಗೆ. ಪಾಸ್‌ವರ್ಡನ್ನು ಬಟಾಬಯಲಾಗಿ ಕಳಿಸುವ ಟೆಲ್ನೆಟ್ ನಿಲ್ಲಿಸಿ, ಲಾಗಿನ್ನಿಗೆ ಗೂಢಲಿಪಿಯ ಎಸ್‌ಎಸ್‌ಎಚ್ ಇಡಿ. ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಮಾತ್ರ.

ಇನ್ನೊಂದು, ಸಿಡಿಲಿನ ಸೀಮೆಯವರಿಗೆ. ಮೇ ತಿಂಗಳ ಮಳೆಗೆ ಸ್ವಿಚ್ ಸುಟ್ಟಿತು, ಹೊಸದಕ್ಕೆ ಹಳೇ ಕಾನ್ಫಿಗ್ ಹಾಕಿದಿರಿ ಎಂದುಕೊಳ್ಳಿ. ಎಲ್ಲಾ ಸರಿ, ನಿಗಾ ಮಾತ್ರ ಇಲ್ಲ. ವಿ3 ಕೀಲಿಯನ್ನು ಸ್ವಿಚ್ ತನ್ನ ಎಂಜಿನ್ ಐಡಿ, ಅಂದರೆ ತನ್ನದೇ ಗುರುತಿನ ಸಂಖ್ಯೆ, ಅದರ ಜೊತೆ ಕಲಸಿ ಇಟ್ಟುಕೊಳ್ಳುತ್ತದೆ, ಹೊಸ ಸ್ವಿಚ್ಚಿನ ಐಡಿ ಬೇರೆ. ಹಲವು ಸ್ವಿಚ್‌ಗಳಲ್ಲಿ ಆ ಬಳಕೆದಾರ ಬ್ಯಾಕಪ್ಪಿನಲ್ಲಿ ಬರುವುದೇ ಇಲ್ಲ. ಹಾಗಾಗಿ ಬಳಕೆದಾರನನ್ನು ಹೊಸದಾಗಿಯೇ ಮಾಡಿ. ಪಾಸ್‌ವರ್ಡ್ ಬರೆದ ಚೀಟಿ ತಿಜೋರಿಯಲ್ಲಿರಲಿ, ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಬೇಡಿ.