ಒಂದು ಪೇಪರ್ ಲೋಟ ಸಾಕು, ಜೆಲ್ಲಿಫಿಶ್ ಪಾಠ ಶುರು

ಬೋರ್ಡ್ ಮೇಲೆ ನಿಡೇರಿಯಾ (ಜೆಲ್ಲಿಫಿಶ್, ಹವಳ ಎಲ್ಲಾ ಸೇರೋ ಪ್ರಾಣಿ ಗುಂಪು) ಅಂತ ಬರೆದು ಕೆಳಗೆ ಲಕ್ಷಣಗಳನ್ನ ಒಂದೊಂದಾಗಿ ಬರೆಸಿದ್ರೆ ಮಕ್ಕಳು ಬರ್ಕೋತಾರೆ, ಪರೀಕ್ಷೆಲೂ ಬರೀತಾರೆ, ಆದ್ರೆ ಹವಳಕ್ಕೂ ಜೆಲ್ಲಿಫಿಶ್‌ಗೂ ಏನ್ ಸಂಬಂಧ ಅಂತ ಕೇಳಿ ನೋಡಿ, ಕ್ಲಾಸ್ ಫುಲ್ ಸೈಲೆಂಟ್. ನಾನೂ ಶುರುನಲ್ಲಿ ಹಂಗೇ ಮಾಡಿದ್ದು. ಈಗ ಹೆಸರು ಆಮೇಲೆ, ಮೊದಲು ಲೋಟ.

ಪೇಪರ್ ಲೋಟದ ಬಾಯಿ ಸುತ್ತ ರಿಬ್ಬನ್ ತುಂಡು ಅಂಟಿಸಿ. ಬಾಯಿ ಮೇಲಿದ್ರೆ ಪಾಲಿಪ್, ಅಂದ್ರೆ ಹೈಡ್ರಾ (ಕೊಳದಲ್ಲಿರೋ ಪುಟ್ಟ ಪ್ರಾಣಿ), ಸೀ ಅನಿಮೋನ್, ಹವಳ ಎಲ್ಲಾ ಇದೇ ಆಕಾರ. ಅದನ್ನೇ ಬೋರಲು ಮಾಡಿ ಎತ್ತಿ ಹಿಡಿದ್ರೆ ಮೆಡೂಸಾ, ನಮ್ಮ ಜೆಲ್ಲಿಫಿಶ್. ಊಟ ಎಲ್ಲಿಂದ ಒಳಗೆ ಹೋಗುತ್ತೆ, ಕಸ ಎಲ್ಲಿಂದ ಹೊರಗೆ ಬರುತ್ತೆ ಅಂತ ಕೇಳಿ. ಇರೋದು ಒಂದೇ ತೂತು ಅಂತ ಹೊಳೆದಾಗ "ಛೀ" ಅಂತ ಕಿರುಚ್ತಾರೆ, ಕಿರುಚ್ಲಿ ಬಿಡಿ, ಇನ್ನು ಮರೆಯಲ್ಲ.

ಆಮೇಲೆ ಒಂದಷ್ಟು ತಟ್ಟೆ ಒಂದರ ಮೇಲೊಂದು ಪೇರಿಸಿ, ಮೇಲಿನದನ್ನ ಒಂದೊಂದೇ ತೆಗೀರಿ. ಮೂನ್ ಜೆಲ್ಲಿ ಅನ್ನೋ ಜೆಲ್ಲಿಫಿಶ್‌ನ ಪಾಲಿಪ್ ಹಿಂಗೇ ತಟ್ಟೆ ತಟ್ಟೆಯಾಗಿ ಕಳಚ್ಕೊಂಡು ಮರಿ ಜೆಲ್ಲಿಫಿಶ್‌ಗಳನ್ನ ಬಿಡುತ್ತೆ. ಅಂದ್ರೆ ಎರಡೂ ಆಕಾರ ಒಂದೇ ಪ್ರಾಣಿಯ ಜೀವನದಲ್ಲೇ ಬರಬಹುದು.

ಮಜಾ ಇರೋದು ಕುಟುಕೋದ್ರಲ್ಲಿ. ರಬ್ಬರ್ ಗ್ಲೌಸ್‌ನ ಒಂದು ಬೆರಳನ್ನ ಒಳಕ್ಕೆ ತಳ್ಳಿ, ಕೈ ಹಾಕೋ ಕಡೆಯಿಂದ ಜೋರಾಗಿ ಊದಿ, ಬೆರಳು ಫಟ್ ಅಂತ ಹೊರಗೆ ಬರುತ್ತೆ. ಕುಟುಕು ಕೋಶದೊಳಗೆ ಸುರುಳಿ ಸುತ್ಕೊಂಡಿರೋ ಕೊಳವೆ ಹಿಂಗೇ ಒಳಗಿನದು ಹೊರಗಾಗಿ ಚಿಮ್ಮೋದು, ಗಾಳಿ ಬದ್ಲು ಅಲ್ಲಿ ನೀರಿನ ಒತ್ತಡ. 2006ರಲ್ಲಿ ಹೈಡ್ರಾ ಮೇಲೆ ಹೈಸ್ಪೀಡ್ ಕ್ಯಾಮೆರಾ ಇಟ್ಟು ಅಳೆದಾಗ ಆ ಕೊಳವೆಯ ಮುಳ್ಳು ಚಿಮ್ಮೋ ಹಂತ 700 ನ್ಯಾನೋಸೆಕೆಂಡ್‌ನಷ್ಟು (ಒಂದು ನ್ಯಾನೋಸೆಕೆಂಡ್ ಅಂದ್ರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಕಮ್ಮಿ ಟೈಮಲ್ಲೇ ಮುಗಿದಿತ್ತು. ಇದಕ್ಕೆ ಮೆದುಳು ಬೇಡ, ಜೆಲ್ಲಿಫಿಶ್‌ಗೆ ಅದು ಇಲ್ವೇ ಇಲ್ಲ, ಅದಕ್ಕೇ ದಡದಲ್ಲಿ ಸತ್ತು ಬಿದ್ದಿರೋದೂ ಕುಟುಕಬಹುದು, ಇದನ್ನ ಮಾತ್ರ ಎರಡು ಸಲ ಹೇಳಿ. ಈಗ ನಿಡೇರಿಯಾ ಅನ್ನೋ ಹೆಸರು ಬರೀರಿ: ಗ್ರೀಕ್‌ನಲ್ಲಿ ಕ್ನೀಡೆ ಅಂದ್ರೆ ತುರುಚಿ ಗಿಡ.

ಹವಳ ಕಲ್ಲೂ ಅಲ್ಲ ಗಿಡವೂ ಅಲ್ಲ ಅಂತ ತೋರಿಸೋಕೆ ಮೊಟ್ಟೆ ಸಿಪ್ಪೆ ಮೇಲೆ ವಿನೆಗರ್ ಹಾಕಿ, ಗುಳ್ಳೆ ಬರುತ್ತೆ, ಪಾಲಿಪ್ ತನ್ನ ಕೆಳಗೆ ಕಟ್ಕೊಳ್ಳೋ ಮನೆಯೂ ಇದೇ ಕ್ಯಾಲ್ಸಿಯಂ ಕಾರ್ಬೋನೇಟ್. (ಬೋರ್ಡ್ ಚಾಕ್ ಬೇಡ, ಎಷ್ಟೋ ಚಾಕ್ ಜಿಪ್ಸಮ್‌ದು, ಗುಳ್ಳೆ ಬರದೆ ನಾನೊಂದು ಸಲ ಪೇಚಿಗೆ ಬಿದ್ದಿದ್ದೀನಿ.) ಬಿಳಿ ಸಿಪ್ಪೆ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಸಿರು ಕಂದು ಕಾಗದದ ಚೂರು ಉದುರಿಸಿ, ಅವೇ ಹವಳದ ಮೈಯೊಳಗಿರೋ ಪಾಚಿ, ಅಡುಗೆ ಮಾಡಿ ಹಾಕೋ ಬಾಡಿಗೆದಾರರು. ಸಮುದ್ರ ಬಿಸಿಯಾದ್ರೆ ಪಾಚಿ ಹೋಗ್ಬಿಡುತ್ತೆ, ಚೂರು ಊದಿಬಿಡಿ, ಬಿಳಿ ಕಾಣುತ್ತೆ. ಬ್ಲೀಚಿಂಗ್ ಅಂದ್ರೆ ಇದೇ. ಬಿಳಿಚಿದ ತಕ್ಷಣ ಸತ್ತಿತು ಅಂತಲ್ಲ, ಬೇಗ ತಣ್ಣಗಾದ್ರೆ ಪಾಚಿ ವಾಪಸ್ ಬರಬಹುದು.

ಕೊನೆಗೆ ನಿಜವಾದದ್ದು. ಕೊಳದ ಗಿಡದ ತುಂಡುಗಳನ್ನ ಅದೇ ನೀರಿನ ಜೊತೆ ಗಾಜಿನ ಬಾಟ್ಲಿಗೆ ಹಾಕಿ ಒಂದು ದಿನ ಬೆಳಕಿರೋ ಕಡೆ ಇಡಿ, ಅದೃಷ್ಟ ಇದ್ರೆ ಗಾಜಿಗೆ ಅಂಟ್ಕೊಂಡಿರೋ ಹೈಡ್ರಾ ಭೂತಗನ್ನಡಿಯಲ್ಲಿ ಸಿಗುತ್ತೆ. ಅಲ್ಲಾಡಿಸಿದ್ರೆ ಮುದುಡಿ ಚುಕ್ಕಿ ಆಗುತ್ತೆ, ಮತ್ತೆ ಬಿಚ್ಕೊಳ್ಳೋ ತನಕ ಯಾರೂ ಬಾಟ್ಲಿ ಮುಟ್ಟಬಾರ್ದು, ಇಡೀ ಪಾಠದಲ್ಲಿ ಕಷ್ಟ ಇರೋದು ಇದೊಂದೇ.