ಮಿನಾರು ವಾಲಿಲ್ಲ, ವಾಲಿರುವುದು ನಿಮ್ಮ ಮೊಬೈಲು

ವಿಜಯಪುರಕ್ಕೆ ಹೋಗಿ ಬಂದವರೆಲ್ಲ ಗೋಳಗುಮ್ಮಟದ ಫೋಟೊ ತೋರಿಸುತ್ತಾರೆ. ಹೆಚ್ಚಿನವುಗಳಲ್ಲಿ ಎರಡೂ ಕಡೆಯ ಮಿನಾರುಗಳು ಒಳಕ್ಕೆ ಬಾಗಿ, ಇಡೀ ಕಟ್ಟಡ ಹಿಂದಕ್ಕೆ ಮಲಗಿದಂತಿರುತ್ತದೆ. ತಪ್ಪು ಕಟ್ಟಿದವರದ್ದಲ್ಲ.

ಮೊದಲು ಹೊತ್ತು ನೋಡಿಕೊಳ್ಳಿ. ಮುಖ್ಯ ಬಾಗಿಲು ದಕ್ಷಿಣಕ್ಕಿದೆ, ಹಾಗಾಗಿ ಚಳಿಗಾಲದ ಬೆಳಿಗ್ಗೆಯೇ ಸರಿ. ಓರೆ ಬಿಸಿಲಿಗೆ ಮುಂಚಾಚಿದ ಸೂರಿನ ನೆರಳು, ಗುಮ್ಮಟದ ಬುಡದ ಕಮಲದ ಎಸಳು ಎಲ್ಲ ಎದ್ದು ಕಾಣುತ್ತವೆ.

ಈಗ ಎಲ್ಲರೂ ಎಡವುವ ಜಾಗ. ತುದಿ ಸಿಗಲಿ ಅಂತ ಮೊಬೈಲನ್ನು ಮೇಲಕ್ಕೆ ಎತ್ತಿದಿರೋ, ಕೆಟ್ಟಿತು. ಗೋಡೆ ನೆಟ್ಟಗಿದ್ದರೆ ಮೊಬೈಲೂ ನೆಟ್ಟಗಿರಬೇಕು, ಅಷ್ಟೇ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿ, ಮೊಬೈಲನ್ನು ಉದ್ದಕ್ಕೆ ಹಿಡಿದು, ಮಿನಾರಿನ ಅಂಚು ಗ್ರಿಡ್ ಗೆರೆಗೆ ಸಮ ಬರುವವರೆಗೆ ಕೈ ಸರಿಮಾಡಿಕೊಳ್ಳಿ. ತುದಿ ಕತ್ತರಿಸಿ ಹೋಯಿತಾ? ಕೈ ಎತ್ತಬೇಡಿ, ಹಿಂದೆ ನಡೆಯಿರಿ. ಕಟ್ಟಡದ ಎತ್ತರ 50 ಮೀಟರಿನ ಆಸುಪಾಸು, ಸಾಮಾನ್ಯ ಲೆನ್ಸಿಗೆ ಸುಮಾರು 70 ಮೀಟರ್ ದೂರ ಬೇಕು. ಹಾಗೆ ಸರಿಯುತ್ತ ಹೋದಾಗ ಮುಂದಿನ ಮ್ಯೂಸಿಯಂ ಕಟ್ಟಡ ಅಡ್ಡ ಬಂತು ಅನ್ನಿ, ಆಗ ಮಾತ್ರ ಹೆಚ್ಚು ಜಾಗ ಹಿಡಿಸುವ 0.5 ಲೆನ್ಸ್ ಬಳಸಿ, ಅದನ್ನೂ ನೆಟ್ಟಗೇ ಹಿಡಿದು. ಫೋಟೊದ ಕೆಳಗಿನ ಅರ್ಧ ಬರೀ ನೆಲ ಬರುತ್ತದೆ. ಬರಲಿ ಬಿಡಿ, ಮನೆಗೆ ಬಂದು ಕತ್ತರಿಸಿದರಾಯಿತು.

ನೂರಿನ್ನೂರು ರೂಪಾಯಿಗೆ ಸಿಗುವ ಕ್ಲಿಪ್ ಲೆನ್ಸ್ ಮಾತ್ರ ಕೊಳ್ಳಬೇಡಿ. ನಾನೂ ಒಂದು ಕೊಂಡಿದ್ದೆ, ಅಂಚಿನಲ್ಲಿ ಬಂದ ಮಿನಾರು ಬಾಳೆಹಣ್ಣಿನಂತೆ ಬಾಗಿತ್ತು.

ಬಿಸಿಲು ಬಿದ್ದ ಗೋಡೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿ, ಆ ಬೆಳಕನ್ನು ಚೂರು ಇಳಿಸಿ, ಕ್ಲಿಕ್ ಮಾಡಿ.

ಅಷ್ಟಾದರೂ ಸ್ವಲ್ಪ ವಾಲಿದ್ದರೆ ಫೋಟೊ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನ ಪರ್ಸ್‌ಪೆಕ್ಟಿವ್‌ನಲ್ಲಿ ಸರಿಮಾಡಬಹುದು. ಆದರೆ ಅದು ಅಂಚುಗಳನ್ನು ತಿನ್ನುತ್ತದೆ, ತೆಗೆಯುವಾಗಲೇ ಎರಡೂ ಬದಿ ಜಾಗ ಬಿಟ್ಟಿರಿ. ಜಾಸ್ತಿ ಎಳೆದರೆ ಗುಮ್ಮಟ ವಿಚಿತ್ರವಾಗಿ ಹಿಗ್ಗುತ್ತದೆ. ಕೂದಲೆಳೆಯಷ್ಟು ವಾಲು ಉಳಿದರೂ ಪರವಾಗಿಲ್ಲ, ತಲೆ ಎತ್ತಿ ನೋಡುವಾಗ ನಮ್ಮ ಕಣ್ಣಿಗೂ ಹಾಗೇ ಕಾಣುತ್ತದೆ ಅಲ್ವಾ. ಆಕಾಶ ಬದಲಿಸುವ ಆ್ಯಪ್ ಸಹವಾಸ ಬೇಡವೇ ಬೇಡ. ಗೋಡೆಗೆ ಬಲಗಡೆಯಿಂದ ಬಿಸಿಲು, ಮೋಡಕ್ಕೆ ಎಡಗಡೆಯಿಂದ, ನೋಡಿದವರು ನಗುತ್ತಾರೆ.