ಅಜ್ಜನ ಕುರ್ಚಿಗೆ ಅರಗಿನ ಪಾಲಿಶ್

ನಮ್ಮ ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ತೇಗದ ಕುರ್ಚಿ, ಬೀಟೆ ಮೇಜು ಇನ್ನೂ ಇವೆ. ರಿಪೇರಿ ಮಾಡಲು ಹೋಗಿಯೇ ಅವನ್ನು ಹಾಳುಮಾಡುವವರು ಜಾಸ್ತಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಇನ್‌ಲೇ ಹೂಬಳ್ಳಿ (ಮರದಲ್ಲಿ ಕೊರೆದು ಬೇರೆ ಬಣ್ಣದ ತುಣುಕು ಕೂರಿಸಿದ್ದು) ಇದ್ದ ಬೀಟೆ ಮೇಜನ್ನು ಮೆಷಿನ್‌ನಿಂದ ಉಜ್ಜಿಸಿದರು. ಬಳ್ಳಿ ಅರ್ಧ ಸವೆದೇ ಹೋಯಿತು. ನೋಡಿ ಹೊಟ್ಟೆ ಉರಿಯಿತು. ಮೆಷಿನ್ ಬೇಡವೇ ಬೇಡ, ಕೈಯಲ್ಲೇ ಉಜ್ಜಿ.

ಕುರ್ಚಿ ಅಲುಗಾಡುತ್ತಿದ್ದರೆ ಮೊಳೆ ಹೊಡೆಯಬೇಡಿ, ಮರ ಸೀಳುತ್ತದೆ. ಕೀಲು ಬಿಚ್ಚಿ, ಹಳೇ ಗೋಂದು ಕೆರೆದು, ಫೆವಿಕಾಲ್ ಹಚ್ಚಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಿ.

ಹಳೇ ಪಾಲಿಶ್ ಯಾವುದೆಂದು ತಿಳಿಯಲು ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ (ಪಾಲಿಶ್‌ಗೆ ಬಳಸುವ ಮೆಥಿಲೇಟೆಡ್ ಸ್ಪಿರಿಟ್) ಹಾಕಿ. ಅಂಟಂಟಾದರೆ ಅದು ಅರಗಿನದೇ (ಶೆಲಾಕ್); ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಆಮೇಲೆ 120, 220 ನಂಬರಿನ ಉಪ್ಪು ಕಾಗದದಿಂದ ಮರದ ನಾರು ಹೋದ ಕಡೆಗೇ ಉಜ್ಜಿ. ಅಡ್ಡಗೀರುಗಳು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ. ಬಿರುಕಿಗೆ ಅದೇ ಮರದ ಪುಡಿಯನ್ನು ಪಾಲಿಶ್‌ನಲ್ಲಿ ಕಲಸಿ ತುಂಬಿ. ಫೆವಿಕಾಲ್‌ನಲ್ಲಿ ಕಲಸಿದರೆ ಅಲ್ಲಿ ಬಣ್ಣ ಹಿಡಿಯದೆ ತೇಪೆ ಹಾಕಿದಂತೆ ಕಾಣುತ್ತದೆ.

ಇನ್ನು ಪಾಲಿಶ್. ನನ್ನ ಮಾತು ಕೇಳುವುದಾದರೆ ಅರಗಿನದೇ ಇರಲಿ. ಮೈಸೂರಿಗೆ ಅರಗು ಹೊಸದಲ್ಲ. ಮತದಾನದ ಶಾಯಿ ಮಾಡುವ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್; ಲ್ಯಾಕ್ ಅಂದರೆ ಅರಗು. ಅಂಗಡಿಯಲ್ಲಿ ಸಿಗುವ ರೆಡಿ ಬಾಟಲಿ ಎಷ್ಟು ಹಳೆಯದೋ ಗೊತ್ತಾಗುವುದಿಲ್ಲ. ಹಳಸಿದ ಪಾಲಿಶ್ ಒಣಗುವುದೇ ಇಲ್ಲ, ಕೈಗೆ ಅಂಟುತ್ತಲೇ ಇರುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಒಲೆ, ದೀಪ ಹತ್ತಿರ ಇರಬಾರದು. ಕಿಟಕಿ ತೆಗೆದಿರಲಿ.

ಎಲ್ಲರೂ ಎಡವುವುದು ಹಚ್ಚುವಾಗ. ಬ್ರಷ್ ಬೇಡ. ಹತ್ತಿ ಉಂಡೆಯನ್ನು ಚೆನ್ನಾಗಿ ಒಗೆದ ಹಳೇ ಪಂಚೆ ಬಟ್ಟೆಯಲ್ಲಿ ಸುಕ್ಕಿಲ್ಲದೆ ಕಟ್ಟಿ. ಬಟ್ಟೆ ಬಿಚ್ಚಿ, ಪಾಲಿಶನ್ನು ಹತ್ತಿಗೆ ಹಾಕಬೇಕು, ಉಂಡೆಯನ್ನು ಅದ್ದಬಾರದು. ಅಂಗೈಗೆ ಒತ್ತಿದರೆ ಒದ್ದೆ ಆಗಬೇಕು, ತೊಟ್ಟಿಕ್ಕಬಾರದು. ಮರದ ಅಂಚಿನ ಆಚೆಯಿಂದಲೇ ಕೈ ಆಡಿಸುತ್ತಾ ಒಳಗೆ ಬನ್ನಿ, ಆಡಿಸುತ್ತಲೇ ಹೊರಗೆ ಹೋಗಿ. ನಡುವೆ ಅರೆಕ್ಷಣವೂ ನಿಲ್ಲಬೇಡಿ. ನಿಂತ ಕಡೆ ಸ್ಪಿರಿಟ್ ಕೆಳಗಿನ ಪದರವನ್ನೇ ಕರಗಿಸಿ, ಬಟ್ಟೆಯ ಗುರುತು ಬೀಳುತ್ತದೆ. ಆಗ ಅಲ್ಲೇ ತಿದ್ದಲು ಹೋಗಬೇಡಿ, ಇನ್ನೂ ಕೆಡುತ್ತದೆ. ಪೂರ್ತಿ ಒಣಗಲಿ, 400 ನಂಬರಿನ ಕಾಗದದಿಂದ ಮೆಲ್ಲಗೆ ಉಜ್ಜಿ ಮತ್ತೆ ಹಚ್ಚಿ. ಉಂಡೆ ಎಳೆದುಕೊಂಡಂತೆ ಅನ್ನಿಸಿದರೆ ಬಟ್ಟೆಗೆ ಒಂದೇ ತೊಟ್ಟು ಅಗಸೆ ಎಣ್ಣೆ ಸಾಕು. ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿ, ರಾತ್ರಿ ಬಿಟ್ಟು, ಮರುದಿನ ಮತ್ತೆ ಹಚ್ಚಿ. ಒಂದೇ ದಿನದಲ್ಲಿ ಮುಗಿಸುತ್ತೇನೆಂದು ದಪ್ಪಗೆ ಬಳಿದರೆ ಮತ್ತೆ ಎಲ್ಲ ಕೆರೆಯಬೇಕಾಗುತ್ತದೆ.

ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೂರಬೇಡಿ. ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಹವೆಯೇ ಒಳ್ಳೆಯದು. ಮುಗಿದ ಮೇಲೆ ಒಂದು ವಾರ ಯಾರೂ ಕೂರದಂತೆ ನೋಡಿಕೊಳ್ಳಿ. ಮೇಜಾದರೆ ಆಮೇಲೂ ಬಿಸಿ ಕಾಫಿ ಲೋಟವನ್ನು ನೇರವಾಗಿ ಇಡಬೇಡಿ, ಬಿಳಿ ಉಂಗುರ ಬೀಳುತ್ತದೆ.